ಮನೆ ಬಿಟ್ಟವರು, ಮನೆಯಿಲ್ಲದವರು

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಆಚಾರ್ಯರು ವ್ರತಿಗಳನ್ನು ಅಗಾರಿ, ಅನಗಾರ ಎಂದು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಮನೆಯಲ್ಲಿದ್ದು ಅಣುವ್ರತಗಳನ್ನು ಪಾಲಿಸುವ ಶ್ರಾವಕನು ಅಗಾರಿ. ಮನೆಯ ಮಮತೆಯನ್ನೇ ತೊರೆದ ಮುನಿಯು ಅನಗಾರ. ಬಸ್ ನಿಲ್ದಾಣದಲ್ಲಿ, ಮೇಲ್ಸೇತುವೆಯ ಅಡಿಯಲ್ಲಿ ಇರುಳು ಕಳೆಯುವವನು ಮನೆಯನ್ನು ತ್ಯಜಿಸಿದವನಲ್ಲ, ಕಳೆದುಕೊಂಡವನು. ಅವನ ಬಗೆಗೆ ಶ್ರಾವಕನ ಕರ್ತವ್ಯವೇನು?

2011ರ ಜನಗಣತಿಯಂತೆ ದೇಶದಲ್ಲಿ ಇಂಥವರು 17 ಲಕ್ಷಕ್ಕೂ ಮಿಕ್ಕಿ ಇದ್ದರು. ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ಹಗಲಿರುಳು ತೆರೆದಿರುವ ಆಶ್ರಯತಾಣ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನಿರ್ದೇಶಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಅದಕ್ಕೆ ಧನಸಹಾಯ ದೊರೆಯಿತು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಸ್ಥಳವೆಂಬ ನಿಯಮವೂ ಆಯಿತು. ನಮ್ಮ ರಾಜ್ಯದ ನಗರಗಳಲ್ಲಿಯೂ ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಇಂಥ ತಾಣಗಳು ನಡೆದವು.

ಇದು ಸರ್ಕಾರದ ಕೆಲಸವಲ್ಲವೇ ಎಂದು ಕೆಲವರು ಕೇಳುವರು. ಅವರವರ ಕರ್ಮ ಎನ್ನುವವರೂ ಉಂಟು. ಅಸಾತಾವೇದನೀಯದ ಉದಯ ಅವನದೆಂಬುದು ನಿಜ. ಆದರೆ ಅದನ್ನು ಕಂಡು ಕಲ್ಲಾಗುವ ಮನಸ್ಸು ನಮ್ಮದು, ಅದರ ಬಂಧವೂ ನಮ್ಮದೇ. ವಸತಿದಾನವು ಪಾತ್ರರಿಗೆ ಮಾತ್ರ ಎಂಬ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಸಮಂತಭದ್ರಾಚಾರ್ಯರು ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನು ಹೇಳಿರುವುದು ವೈಯಾವೃತ್ತ್ಯದ ಸಂದರ್ಭದಲ್ಲಿಯೇ. ಆದರೆ ಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಸೂತ್ರಕಾರರು ವ್ರತಿಗಳ ಮೇಲಣ ಅನುಕಂಪೆಯೊಡನೆ ಸಮಸ್ತ ಪ್ರಾಣಿಗಳ ಮೇಲಣ ಅನುಕಂಪೆಯನ್ನೂ ಸೇರಿಸಿದ್ದಾರೆ. ಪಾತ್ರದಾನಕ್ಕೆ ಯೋಗ್ಯತೆಯ ವಿಚಾರ ಬೇಕು. ಕರುಣಾದಾನಕ್ಕೆ ದುಃಖವೊಂದೇ ಸಾಕು.

ನಮ್ಮ ಅನೇಕ ಧರ್ಮಶಾಲೆಗಳು ಉತ್ಸವಕಾಲದಲ್ಲಿ ತುಂಬಿ, ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಶೌಚ, ಶಿಸ್ತು, ಯಾತ್ರಿಕರ ಸುರಕ್ಷತೆಗಳ ಬಗೆಗೆ ವಿಶ್ವಸ್ತರಿಗಿರುವ ಅಳುಕು ಸುಳ್ಳಲ್ಲ. ಆದುದರಿಂದ ಬಸದಿಯ ಆವರಣದ ಹೊರಗಿನ ಒಂದು ಕಟ್ಟಡವನ್ನು ನಗರಸಭೆಯ ಆಶ್ರಯತಾಣಕ್ಕೆ ಒದಗಿಸಬಹುದು. ಅದಕ್ಕಿಂತ ಮೇಲಾದುದು, ಬೀದಿಗೆ ಬೀಳುವ ಮುನ್ನವೇ ಹಿಡಿದು ನಿಲ್ಲಿಸುವುದು. ಯಜಮಾನನ ಕಾಯಿಲೆಯಿಂದ ಮೂರು ತಿಂಗಳ ಬಾಡಿಗೆ ನಿಂತ ಕುಟುಂಬಕ್ಕೆ ಆ ಬಾಡಿಗೆಯೇ ಸಾಕಾದೀತು. ಹೊರಬಿದ್ದ ಮೇಲೆ ಹೊಸ ಮುಂಗಡ, ಮಕ್ಕಳ ಶಾಲೆ, ಕೈಬಿಟ್ಟ ಕೆಲಸ ಎಲ್ಲವನ್ನೂ ಮತ್ತೆ ಕಟ್ಟಬೇಕು. ಲೆಕ್ಕ ಬಲ್ಲ ವರ್ತಕನಿಗೆ ಇದನ್ನು ವಿವರಿಸಬೇಕಿಲ್ಲ.

ಪರಿಗ್ರಹ ಪರಿಮಾಣ ವ್ರತದಲ್ಲಿ ಧನಧಾನ್ಯಗಳೊಡನೆ ಕ್ಷೇತ್ರ, ವಾಸ್ತುಗಳಿಗೂ ಮಿತಿ ಹೇಳಿದೆ. ಬೆಲೆಯೇರಲೆಂದು ವರ್ಷಾನುಗಟ್ಟಲೆ ಬೀಗ ಹಾಕಿಟ್ಟ ಮನೆಯ ಒಡೆಯನು ತನ್ನ ಮಿತಿಯನ್ನು ತಾನೇ ಪರೀಕ್ಷಿಸಿಕೊಳ್ಳಲಿ. ಮುನಿಗಳ ಅನಗಾರತ್ವಕ್ಕೆ ತಲೆಬಾಗುವ ನಾವು, ಬಯಸದೆ ಮನೆಯಿಲ್ಲದಾದವನಿಗೆ ಬಾಗಿಲು ತೆರೆಯುವುದೂ ಶ್ರಾವಕಧರ್ಮವೇ ಆಗಿದೆ.