ಎದೆಯ ಮೇಲಿನವನಿಗೆ ಒಂದು ನಿವೇದನೆ

ತಂದೆ ಲಿಂಗಯ್ಯ, ಆಪರೇಷನ್ ಥಿಯೇಟರಿಗೆ ಹೋಗುವಾಗ ಮೈಮೇಲೆ ಏನೂ ಇರಬಾರದಂತೆ. ಉಂಗುರ, ಉಡಿದಾರ, ಕಟ್ಟಿಸಿದ ಹಲ್ಲು, ಎಲ್ಲ ತೆಗೆದಿಡಬೇಕು. ಅವುಗಳ ಚಿಂತೆ ನನಗಿಲ್ಲ. ಶಿವದಾರ ಕಳಚಿ ನಿನ್ನ ಕರಡಿಗೆಯನ್ನು ಬೇರೆಯವರ ಕೈಗೆ ಕೊಡಬೇಕಲ್ಲ, ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ. ಅಯ್ಯನವರು ದೀಕ್ಷೆ ಕೊಟ್ಟ ದಿನದಿಂದ ನೀನು ಈ ಎದೆಯ ಮೇಲಿದ್ದವನು. ಈಗ ಎದೆಯನ್ನೇ ತೆರೆಯುತ್ತಾರೆ. ಅಷ್ಟು ಹೊತ್ತು ನನ್ನ ಮನೆಯವಳ ಅಂಗೈಯಲ್ಲಿರು. ಆಗ ಅವಳಿಗೂ ಹಿಡಿದುಕೊಳ್ಳಲು ಏನಾದರೂ ಬೇಕು.

ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಬೈಪಾಸ್ ಎಂದು ಗೊತ್ತಾದ ಮೇಲೆ ನಮ್ಮೂರು ಕಡರನಾಯಕನಹಳ್ಳಿಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: 'ಏನೂ ಆಗಲ್ಲ, ಸುಮ್ನಿರು.' ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತು ಬಿದ್ದ ಮೇಲೆ ನನ್ನ ಭಯವನ್ನು ಹೇಳಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ತಂದೆ, ನನಗೆ ಭಯವಿದೆ. ಮೊದಲು ನಿನ್ನೆದುರು ಹೇಳುತ್ತಿದ್ದೇನೆ, ಆಮೇಲೆ ಅವರೆದುರೂ ಹೇಳುವ ಧೈರ್ಯ ಕೊಡು.

ಏನು ಮಾಡುತ್ತಾರೆಂದು ಡಾಕ್ಟರನ್ನೇ ಕೇಳಿದೆ. ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಕೊಯ್ಯುತ್ತಾರೆ. ಕಾಲಿನಿಂದ, ಎದೆಗೂಡಿನ ಒಳಗಿನಿಂದ ರಕ್ತನಾಳ ತೆಗೆದು, ಕಟ್ಟಿಕೊಂಡ ಜಾಗದ ಆಚೆಗೆ ಹೊಲಿಯುತ್ತಾರೆ. ನನ್ನ ಆಪರೇಷನ್ನಿನಲ್ಲಿ ಅಷ್ಟು ಹೊತ್ತು ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಒಂದು ಯಂತ್ರಕ್ಕೆ ಒಪ್ಪಿಸುತ್ತಾರೆ. ಕೊನೆಗೆ ಎಲುಬನ್ನು ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಎಂಬ ವೈದ್ಯರು ಆ ಯಂತ್ರದ ಬಲದಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದ ರಂಧ್ರ ಮುಚ್ಚಿದರು. ಅವಳು ಬದುಕಿದಳು. ಆ ಮಗಳಿಗೂ ಆ ವೈದ್ಯರಿಗೂ ಇಲ್ಲಿಂದಲೇ ಶರಣು.

ನನ್ನ ಪಾಲಿನ ಕೆಲಸವನ್ನು ನಿನ್ನ ಮೇಲೆ ಹಾಕುವುದಿಲ್ಲ. ಬೀಡಿ ಬಿಟ್ಟಿದ್ದೇನೆ. ಮೂರು ಗುಂಡಿನ ಯಂತ್ರದಲ್ಲಿ ಉಸಿರೆಳೆದು ಅಭ್ಯಾಸ ಮಾಡುತ್ತಿದ್ದೇನೆ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಡಾಕ್ಟರು ಹೇಳಿದ ದಿನವೇ ನಿಲ್ಲಿಸುತ್ತೇನೆ, ನನ್ನ ಬುದ್ಧಿಯಿಂದಲ್ಲ. ಬಿಪಿಎಲ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಒಂದೇ ಚೀಲದಲ್ಲಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಮ್ಮಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಗದ್ದೆ ಮಾರದೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಭಾಗ್ಯ ನನ್ನ ಅಪ್ಪನಿಗೆ ಇರಲಿಲ್ಲ.

ಮಗನನ್ನು ಕೂರಿಸಿಕೊಂಡು ಪಹಣಿ, ಪಾಸ್‌ಬುಕ್, ಸೊಸೈಟಿ ಸಾಲದ ಲೆಕ್ಕ ತೋರಿಸಿದೆ. 'ಅಪ್ಪಾಜಿ, ಈಗ ಇಂಥ ಮಾತ್ಯಾಕೆ?' ಎಂದು ಎದ್ದು ಹೋದ. ಸ್ವಲ್ಪ ಹೊತ್ತಿಗೆ ತಾನೇ ಬಂದು ಪಕ್ಕದಲ್ಲಿ ಕುಳಿತು, ಒಂದೊಂದೇ ಕೇಳಿ ಬರೆದುಕೊಂಡ. ಅವನಿಗೆ ಆ ಗಟ್ಟಿತನ ಕೊಟ್ಟವನು ನೀನೇ.

ಎಚ್ಚರವಾದಾಗ ಗಂಟಲಲ್ಲಿ ಉಸಿರಿನ ನಳಿಕೆ ಇರುತ್ತದೆ, ಮಾತು ಹೊರಡುವುದಿಲ್ಲ. ಅದಕ್ಕೆ ನಾನೂ ನನ್ನ ಮನೆಯವಳೂ ಒಂದು ಗುರುತು ಮಾಡಿಕೊಂಡಿದ್ದೇವೆ: ಕೈಯನ್ನು ಒಮ್ಮೆ ಅದುಮಿದರೆ ನೋವು, ಎರಡು ಸಲ ಅದುಮಿದರೆ ನೀರಡಿಕೆ. ಮೂರು ಸಲಕ್ಕೆ ಏನರ್ಥವೆಂದು ಅವಳು ಕೇಳಿದಳು. ನಾನು ಹೇಳಲಿಲ್ಲ, ಅವಳಿಗೆ ಗೊತ್ತಾಯಿತು. ಇಂಥ ಆಪರೇಷನ್ ಆದ ಕೆಲವರಿಗೆ ಐಸಿಯುನಲ್ಲಿ ಭ್ರಮೆಯಾಗುತ್ತದೆ, ಆಮೇಲೂ ಕೆಲವು ವಾರ ಕಾರಣವಿಲ್ಲದೆ ಅಳು ಬರುತ್ತದೆ, ಸಿಟ್ಟು ಬರುತ್ತದೆ. ಆಗ ನಾನಾಡುವ ಮಾತನ್ನು ಅವಳು ಎದೆಗೆ ಹಚ್ಚಿಕೊಳ್ಳದ ಹಾಗೆ ನೋಡಿಕೋ.

ಎಲುಬು ಕೂಡಲು ಎರಡು ಮೂರು ತಿಂಗಳು ಬೇಕು. 45 ಕಿಲೋದ ಯೂರಿಯಾ ಚೀಲ ಹೊತ್ತ ಹೆಗಲು ತುಂಬಿದ ಕೊಡವನ್ನೂ ಎತ್ತುವಂತಿಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ಆ ದಿನಗಳಲ್ಲಿ ಇನ್ನೊಬ್ಬರ ಕೈಯಿಂದ ನೀರು ಇಸಿದುಕೊಂಡು ಕುಡಿಯುವ ವಿನಯ ಕೊಡು. ಬದುಕನ್ನು ಬೇಡುವುದಕ್ಕಿಂತ ಇದನ್ನು ಬೇಡುವುದು ನನಗೆ ಕಷ್ಟ.

ಇನ್ನು ಊರಿನವರಿಗೆ ನಿನ್ನೆದುರಿನಲ್ಲೇ ಒಂದು ಮಾತು. ಅಣ್ಣಂದಿರೇ, ಅಕ್ಕಂದಿರೇ, ಗಾಡಿ ಮಾಡಿಕೊಂಡು, ಬ್ರೆಡ್ಡು, ಎಳನೀರು ಹಿಡಿದುಕೊಂಡು ನನ್ನನ್ನು ನೋಡಲು ಬೆಂಗಳೂರಿಗೆ ಬರಬೇಡಿ. ಹಸಿ ಗಾಯಕ್ಕೆ ಸೋಂಕು ತಗುಲಿದರೆ ಕಷ್ಟ. ನಿಮ್ಮಲ್ಲಿ ಗಟ್ಟಿಯಾಗಿರುವವರು ರಕ್ತ ಕೊಡಲು ಬನ್ನಿ. ಉಳಿದವರು ಭದ್ರಾ ನಾಲೆಯ ಸರದಿ ಬಂದಾಗ ನನ್ನ ಮಗನ ಜೊತೆ ಗದ್ದೆಗೆ ಹೋಗಿ, ನೀರು ಕಟ್ಟಿಕೊಡಿ.