ಏಳು ಸಂಖ್ಯೆಯ ನಮಸ್ಕಾರ

ಬೆಳಿಗ್ಗೆ ಆರೂವರೆ. ಕಾಫಿ ಲೋಟ ಇನ್ನೂ ಕೈ ಸುಡುತ್ತಿದೆ. ಔಟ್‌ಲುಕ್ ತೆರೆದರೆ ರಾತ್ರಿಯಿಡೀ ಬಂದು ಬಿದ್ದ ಬರಹಗಳು. ನಮ್ಮದು ಸಣ್ಣ ಮಾಸಪತ್ರಿಕೆ. ಕಳಿಸಿದವರಿಗೆಲ್ಲ ‘ನಮಸ್ಕಾರ, ನಿಮ್ಮ ಬರಹ ತಲುಪಿದೆ’ ಎಂದು ಒಂದು ಸಾಲು ಬರೆಯುವುದು ನನ್ನ ಪಾಲಿನ ಕೆಲಸ. ವರ್ಷಗಟ್ಟಲೆ ಅದನ್ನೇ ಕುಟ್ಟಿ ಬೇಸರ ಬಂದು, ಒಂದು ದಿನ ಆ ಕೆಲಸ ತಾನೇ ಮಾಡುವ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂ ಬರೆದು ಬಟನ್ ಮಾಡಿಟ್ಟುಕೊಂಡೆ.

ಬಟನ್ ಕೂರಿಸುವುದು ಸುಲಭ. ಆಪ್ಷನ್ಸ್‌ನಲ್ಲಿ ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ಗೆ ಹೋಗಿ, ಮೇಲಿನ ಪಟ್ಟಿಯಲ್ಲಿ ಮ್ಯಾಕ್ರೋಸ್ ಆರಿಸಿ, ನಮ್ಮದನ್ನು ಹುಡುಕಿ ಆ್ಯಡ್ ಒತ್ತಿದರಾಯಿತು. ಮಾಡಿಫೈ ಒತ್ತಿದರೆ ಚಿತ್ರವನ್ನೂ ಬದಲಿಸಬಹುದು. ನಾನು ನಗುಮುಖ ಹಾಕಿದೆ. ಸಾಲಿನಲ್ಲಿ ಮೊದಲನೆಯದಾದರೆ ಆಲ್ಟ್ ಹಿಡಿದು 1 ಒತ್ತಿದರೂ ಸಾಕು.

ಕಷ್ಟವಿದ್ದದ್ದು ಒಳಗೆ. ಮ್ಯಾಕ್ರೋ ಬರೆಯುವ ಕಿಟಕಿಗೆ ಯೂನಿಕೋಡ್ ಒಗ್ಗದು. ಕನ್ನಡ ಟೈಪಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹಾಗಾಗಿ ಪ್ರತಿ ಅಕ್ಷರವನ್ನೂ ಅದರ ಸಂಖ್ಯೆಯಿಂದಲೇ ಕರೆಯಬೇಕು. ನ, 3240. ಮ, 3246. ಸ, 3256. ಅಲ್ಲಿ ಕೈ ನಿಂತಿತು. ‘ಸ್ಕಾ’ ನನ್ನ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ನಾಲ್ಕು: ಸ ಆದಮೇಲೆ ಅದರ ಸ್ವರ ಕಳೆಯುವ ಚಿಹ್ನೆ 3277, ಆಮೇಲೆ ಕ 3221, ಅದರ ದೀರ್ಘ 3262. ಕೊನೆಗೆ ರ, 3248. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಸ್ಲೇಟಿನ ಮೇಲೆ ಒತ್ತು ಕೊಡಿಸಿ, ದೀರ್ಘ ಎಳೆಸಿ ತಿದ್ದಿಸಿದ ಮೇಲೆ ಈ ಪದವನ್ನು ಹೀಗೆ ಬಿಡಿಸಿ ನೋಡಿದ್ದೇ ಇಲ್ಲ. ಅಷ್ಟು ನಿಧಾನವಾಗಿ ನಾನು ಯಾರಿಗೂ ನಮಸ್ಕಾರ ಹೇಳಿದವನಲ್ಲ. ಅದೂ, ಇನ್ನು ಮುಂದೆ ಹೇಳುವ ಶ್ರಮವೇ ಬೇಡವೆಂದು!

ಮ್ಯಾಕ್ರೋದ ಕೊನೆಯ ಸಾಲಿಗೆ ‘ಸೆಂಡ್’ ಎಂದು ಬರೆದಿದ್ದೆ. ಒತ್ತಿದರೆ ಉತ್ತರ ಹೋಗೇ ಹೋಯಿತು. ಕೆಲವು ವಾರ ಆ ವೇಗಕ್ಕೆ ನಾನೇ ಬೆರಗಾದೆ. ಒಂದು ದಿನ ಹಿರಿಯ ಲೇಖಕರೊಬ್ಬರಿಂದ ಫೋನು.

‘ಏನ್ ಸಾರ್, ಲೇಖನ ವಾಪಸ್ ಕೊಡಿ ಅಂತ ಬರೆದ್ರೆ ತಲುಪಿದೆ ಅಂತೀರಲ್ಲ?’

ಓದದೆಯೇ ನಗುಮುಖ ಒತ್ತಿದ್ದೆ. ತಪ್ಪಾಯ್ತು ಸಾರ್ ಅಂದೆ. ಅವರು ನಕ್ಕರು, ನನ್ನ ಪುಣ್ಯ.

ಆವತ್ತೇ ‘ಸೆಂಡ್’ ಅಳಿಸಿ ‘ಡಿಸ್‌ಪ್ಲೇ’ ಎಂದು ಬರೆದೆ. ಈಗ ಬಟನ್ ಒತ್ತಿದರೆ ಉತ್ತರ ತೆರೆದುಕೊಂಡು ಕಣ್ಣೆದುರು ನಿಲ್ಲುತ್ತದೆ, ಹೊರಡುವುದಿಲ್ಲ. ಬದಲಾದದ್ದು ಒಂದೇ ಪದ. 1999ರ ಮಾರ್ಚ್‌ನಲ್ಲಿ ಹಬ್ಬಿದ ಮೆಲಿಸ್ಸಾ ವೈರಸ್ಸಿನ ಬಲವಿದ್ದದ್ದೂ ಆ ‘ಸೆಂಡ್’ನಲ್ಲೇ. ವರ್ಡ್ ಫೈಲಿನೊಳಗೆ ಕೂತ ಮ್ಯಾಕ್ರೋ ಅದು. ಫೈಲು ತೆರೆದವರ ಹೆಸರಿನಲ್ಲೇ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳಿಸಿಕೊಳ್ಳುತ್ತಿತ್ತು. ತೆರೆದವರಿಗೆ ಸುಳಿವೂ ಇರುತ್ತಿರಲಿಲ್ಲ. ಈಗ ಸಹಿಯಿಲ್ಲದ ಮ್ಯಾಕ್ರೋವನ್ನು ಔಟ್‌ಲುಕ್ ತಾನಾಗಿ ಓಡಗೊಡುವುದಿಲ್ಲ. ನನ್ನ ನಮಸ್ಕಾರಕ್ಕೂ ನಾನೇ ಒಂದು ಡಿಜಿಟಲ್ ಸರ್ಟಿಫಿಕೇಟ್ ಮಾಡಿ, ನನ್ನನ್ನು ನಂಬು ಎಂದು ನನ್ನದೇ ಕಂಪ್ಯೂಟರಿಗೆ ಹೇಳಬೇಕಾಯಿತು. ಹೊಸ ಔಟ್‌ಲುಕ್‌ನಲ್ಲಂತೂ ಈ ಮ್ಯಾಕ್ರೋಗಳಿಗೆ ಜಾಗವೇ ಇಲ್ಲ. ಹಳೆಯದನ್ನೇ ಹಿಡಿದು ಕೂತಿದ್ದೇನೆ, ನಡೆಯುವಷ್ಟು ದಿನ.

ಇವತ್ತಿನ ಮೊದಲ ಪತ್ರ ಹೊಸಬರದು. ಮೊದಲ ಕಥೆಯಂತೆ, ತಪ್ಪಿದ್ದರೆ ತಿದ್ದಿ ಎಂದು ಕೊನೆಗೆ ಸಂಕೋಚದಿಂದ ಬರೆದಿದ್ದಾರೆ. ಎರಡು ಸಲ ಓದಿ ಆಲ್ಟ್ ಹಿಡಿದು 1 ಒತ್ತಿದೆ. ನಮಸ್ಕಾರ ಬಂದು ನಿಂತಿತು. ಅದರ ಎಡಕ್ಕೆ ಕರ್ಸರ್ ಮಿಣುಕುತ್ತಿದೆ. ಅಲ್ಲಿ ಬರಬೇಕಾದದ್ದು ಅವರ ಹೆಸರು. ಅದನ್ನು ಬಟನ್‌ಗೆ ಹೇಳಿಕೊಟ್ಟಿಲ್ಲ. ಲೋಟ ಪಕ್ಕಕ್ಕಿಟ್ಟು, ಇನಿಷಿಯಲ್ ತಪ್ಪದಂತೆ ಮತ್ತೊಮ್ಮೆ ನೋಡಿಕೊಂಡು, ಟೈಪಿಸತೊಡಗಿದೆ.