ಗಿಡ ಬಗ್ಗುವ ಬೆಳಕು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’

ಈ ಗಾದೆ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮಗು ಹಟ ಹಿಡಿದಾಗ. ಮೊಬೈಲು ಕೊಟ್ಟರೇ ಊಟ ಎಂದು ಅದು ರಚ್ಚೆ ಹಿಡಿದರೆ ಅಜ್ಜಿ ಈ ಮಾತು ಆಡುತ್ತಾರೆ, ಅಪ್ಪ ಮೊಬೈಲು ಕಿತ್ತುಕೊಳ್ಳುತ್ತಾನೆ. ಎಳೆಯದರಲ್ಲೇ ಬಗ್ಗಿಸಿಬಿಡಬೇಕು, ಬಲಿತ ಮೇಲೆ ಆಗದು ಎಂದೇ ನಾವು ಗಾದೆಯನ್ನು ಅರ್ಥಮಾಡಿಕೊಂಡಿದ್ದೇವೆ. ಆದರೆ ಅದರಲ್ಲಿರುವ ಪದ ‘ಬಗ್ಗಿಸದ್ದು’ ಅಲ್ಲ, ‘ಬಗ್ಗದ್ದು’. ಬಗ್ಗಿಸುವ ಕೈಯ ಸುದ್ದಿಯೇ ಅಲ್ಲಿಲ್ಲ. ಬಗ್ಗುವುದು ಗಿಡವೇ.

ಗಿಡ ಯಾವುದಕ್ಕೆ ಬಗ್ಗುತ್ತದೆ? ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ, ಅವರೆಕಾಳು ಊರಿ, ಕಿಟಕಿಯ ಬಳಿ ಇಟ್ಟವರಿಗೆಲ್ಲ ಇದು ಗೊತ್ತು. ಮೊಳಕೆ ಮೇಲೆದ್ದ ಕೆಲವೇ ದಿನಗಳಲ್ಲಿ ಎಳೆಯ ಕಾಂಡ ಕಿಟಕಿಯ ಕಡೆ ವಾಲುತ್ತದೆ. ನೆರಳಿನ ಬದಿ ಹೆಚ್ಚು ಉದ್ದ ಬೆಳೆಯುವುದರಿಂದ ಗಿಡ ಬೆಳಕಿನತ್ತ ಬಾಗುತ್ತದೆ. ಚಿಪ್ಪನ್ನು ತಿರುಗಿಸಿಟ್ಟರೆ ಮತ್ತೆ ಬೆಳಕನ್ನೇ ಹುಡುಕಿಕೊಂಡು ಹೊರಳುತ್ತದೆ. ಯಾರೂ ಅದನ್ನು ಗದರಿಸಬೇಕಿಲ್ಲ. ಇಂದು ನಮ್ಮ ಮನೆಗಳಲ್ಲಿ ಮಗುವಿನ ಕಣ್ಣಿಗೆ ಎಲ್ಲಕ್ಕಿಂತ ಹೊಳೆಯುವ ಬೆಳಕು ಟಿವಿಯದು, ಮೊಬೈಲಿನದು. ಆ ಕಿಟಕಿಯ ಆಚೆ ಏನಿರಬೇಕು ಎಂದು ನಿರ್ಧರಿಸುವುದೇ ತಂದೆತಾಯಿಯ ಪಾಲಿನ ಕೆಲಸ.

ಕ್ರೈಸ್ತ ಮನೆಯಲ್ಲಿ ಈ ಕೆಲಸ ಸುಲಭವೆಂದು ತೋರುತ್ತದೆ. ‘ಬೈಬಲ್ ಕಥೆ’ ಎಂಬ ಹೆಸರಿದ್ದರೆ ಸಾಕು, ನಿಶ್ಚಿಂತೆಯಿಂದ ಹಾಕಿಕೊಟ್ಟು ಅಡುಗೆಮನೆಗೆ ಹೋಗುತ್ತೇವೆ. ನಾನೂ ಹಾಗೆಯೇ ಮಾಡಿದವಳು. ಒಂದು ಭಾನುವಾರ ಸಂಡೇ ಸ್ಕೂಲಿನಲ್ಲಿ ದಾವೀದ ಮತ್ತು ಗೊಲ್ಯಾತರ ಕಥೆ ಎತ್ತಿಕೊಂಡೆ. ಏಳು ವರ್ಷದ ಹುಡುಗನೊಬ್ಬ ಎದ್ದು ನಿಂತು, ಕವಣೆ ಹೇಗೆ ಗಿರ್ರನೆ ತಿರುಗಿತು, ಕಲ್ಲು ಹಣೆಗೆ ಹೇಗೆ ಬಡಿಯಿತು ಎಂದು ಕುಣಿದು ತೋರಿಸಿದ. ‘ದಾವೀದನಿಗೆ ಯಾಕೆ ಭಯ ಆಗಲಿಲ್ಲ?’ ಎಂದು ಕೇಳಿದೆ. ‘ಅವನು ತುಂಬಾ ಸ್ಟ್ರಾಂಗ್ ಆಂಟಿ’ ಅಂದ. ಸಿಂಹದ ಕೈಯಿಂದ, ಕರಡಿಯ ಕೈಯಿಂದ ಬಿಡಿಸಿದ ದೇವರು ಗೊಲ್ಯಾತನ ಕೈಯಿಂದಲೂ ಬಿಡಿಸುತ್ತಾನೆಂದು ದಾವೀದ ಸೌಲನಿಗೆ ಹೇಳಿದ ಮಾತು ಸಮುವೇಲನ ಮೊದಲ ಪುಸ್ತಕದ 17ನೆಯ ಅಧ್ಯಾಯದ ಜೀವ. ಆ ಹುಡುಗ ಮನೆಯಲ್ಲಿ ನೋಡಿದ್ದ ಕಾರ್ಟೂನಿನಿಂದ ಅವನಿಗೆ ದಕ್ಕಿದ್ದು ಕವಣೆ ಮಾತ್ರ. ಕಥೆ ಬೈಬಲಿನದೇ. ಗಿಡ ವಾಲಿದ್ದು ತೋಳ್ಬಲದ ಕಡೆಗೆ.

ಇದೇ ನೋವನ್ನು ಅಮೆರಿಕದ ಫಿಲ್ ವಿಷರ್ ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರು ಗೆಳೆಯ ಮೈಕ್ ನವ್ರಾಕಿಯವರೊಡನೆ 1993ರಲ್ಲಿ ‘ವೆಜಿಟೇಲ್ಸ್’ ಎಂಬ ವಿಡಿಯೊ ಸರಣಿ ಶುರುಮಾಡಿದರು. ಬಾಬ್ ಎಂಬ ಟೊಮೆಟೊ, ಲ್ಯಾರಿ ಎಂಬ ಸೌತೆಕಾಯಿ ಮಕ್ಕಳಿಗೆ ಬೈಬಲ್ ಕಥೆ ಹೇಳುವ ಆ ಸರಣಿ ಮನೆಮಾತಾಯಿತು. 2003ರಲ್ಲಿ ಆ ಸರಣಿ ತಯಾರಿಸುತ್ತಿದ್ದ ಕಂಪನಿ ದಿವಾಳಿಯಾದ ಮೇಲೆ ವಿಷರ್ ಹಿಂತಿರುಗಿ ನೋಡಿದರು. ಸುಳ್ಳು ಹೇಳಬೇಡ, ಕ್ಷಮಿಸು, ಹಂಚಿಕೊ ಎಂದು ಕ್ರೈಸ್ತರಂತೆ ನಡೆದುಕೊಳ್ಳಲು ಹತ್ತು ವರ್ಷ ಹೇಳಿಕೊಟ್ಟೆ, ಕ್ರೈಸ್ತ ನಂಬಿಕೆಯನ್ನೇ ಕಲಿಸಲಿಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಆಮೇಲೆ ಗೊಂಬೆಗಳನ್ನು ಇಟ್ಟುಕೊಂಡು ಆದಿಕಾಂಡದಿಂದ ಪ್ರಕಟನೆಯವರೆಗೆ ಇಡೀ ಸತ್ಯವೇದವನ್ನು ಪರಿಚಯಿಸುವ 13 ಭಾಗಗಳ ಹೊಸ ಸರಣಿಯನ್ನೇ ಮಾಡಿದರು. ಒಳ್ಳೆಯ ನಡತೆ ಬೇಡವೆಂದಲ್ಲ. ಆದರೆ ‘ಒಳ್ಳೆಯವನಾಗು’ ಎಂಬಲ್ಲಿಗೇ ಕಥೆ ನಿಂತರೆ, ತಪ್ಪು ಮಾಡಿದ ದಿನ ಮಗು ಯಾರ ಬಳಿ ಓಡಬೇಕು? ತಪ್ಪಿದ ಮಗನನ್ನು ದೂರದಲ್ಲೇ ಕಂಡು ಓಡಿಬಂದು ಅಪ್ಪಿಕೊಂಡ ತಂದೆಯನ್ನು ತೋರಿಸುವ ಕಾರ್ಯಕ್ರಮ ನಮಗೆ ಬೇಕು.

‘ಗಿಡವಾಗಿ’ ಎಂಬ ಪದದಲ್ಲಿ ಇನ್ನೊಂದು ಎಚ್ಚರವಿದೆ. ಎಳೆಯ ಗಿಡಕ್ಕೆ ಉರಿಬಿಸಿಲು ಆಗದು. ಎರಡು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಹೇಳಿದೆ. ಬೈಬಲ್ ಕಾರ್ಟೂನಿಗೂ ಇದರಲ್ಲಿ ವಿನಾಯಿತಿ ಇಲ್ಲ. ವೇಗವನ್ನೂ ನೋಡಬೇಕು. ನಾಲ್ಕು ವರ್ಷದ 60 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬಿರುಸಾಗಿ ಓಡುವ ಕಾರ್ಟೂನನ್ನು ಕೇವಲ 9 ನಿಮಿಷ ನೋಡಿದ ಮಕ್ಕಳು, ಅಷ್ಟೇ ಹೊತ್ತು ಚಿತ್ರ ಬರೆದ ಮಕ್ಕಳಿಗಿಂತ, ಗಮನ ಮತ್ತು ತಾಳ್ಮೆಯ ಪರೀಕ್ಷೆಯಲ್ಲಿ ಆಗಿಂದಾಗಲೇ ಹಿಂದೆ ಬಿದ್ದರು.

ನಿಧಾನದ ಬೆಲೆ ಬಲ್ಲವರು ಫ್ರೆಡ್ ರೋಜರ್ಸ್. ಅವರು ಪ್ರೆಸ್‌ಬಿಟೇರಿಯನ್ ಸಭೆಯ ದೀಕ್ಷೆ ಪಡೆದ ಪಾದ್ರಿ. 1968ರಿಂದ 2001ರವರೆಗೆ ಮಕ್ಕಳಿಗಾಗಿ ಟಿವಿ ಕಾರ್ಯಕ್ರಮ ನಡೆಸಿದರು, ಅದರಲ್ಲಿ ಪ್ರಸಂಗ ಮಾಡಲಿಲ್ಲ. ತೊಟ್ಟಿಯ ಮೀನುಗಳಿಗೆ ಆಹಾರ ಹಾಕುವಾಗ ‘ಈಗ ಮೀನಿಗೆ ಹಾಕುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಕಣ್ಣು ಕಾಣದ ಪುಟ್ಟ ಹುಡುಗಿಯೊಬ್ಬಳು, ಮೀನಿಗೆ ಊಟ ಸಿಕ್ಕಿತೋ ಇಲ್ಲವೋ ಎಂದು ಚಿಂತೆಯಾಗುತ್ತದೆ, ದಯವಿಟ್ಟು ಹೇಳಿ ಎಂದು ಕಾಗದ ಬರೆಸಿದ್ದಳು. ಕಾಣದ ಒಂದು ಮಗುವಿಗಾಗಿ ದನಿ ಎತ್ತಿ ಆಡಿದ ಆ ಮಾತು ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯನ್ನು ಪಾಲಿಸಿತು. ಹೆಸರಿನ ಮೇಲೆ ‘ಕ್ರೈಸ್ತ’ ಎಂಬ ಚೀಟಿ ಇದೆಯೇ ಎಂದು ಮಾತ್ರ ಹುಡುಕುವವರು ಇಂಥದನ್ನು ಕಳೆದುಕೊಳ್ಳುತ್ತಾರೆ.

ಹಾಗಾದರೆ ಆಯ್ಕೆ ಹೇಗೆ? ಮೊದಲು ನೀವೊಬ್ಬರೇ ಪೂರ್ತಿ ನೋಡಿ. ಕಥೆಯಲ್ಲಿ ದೇವರು ಏನು ಮಾಡಿದರು ಎಂದು ಮಗು ಹೇಳಬಲ್ಲದೇ? ಕಾರ್ಯಕ್ರಮ ಸೋತವರನ್ನು, ಬೇರೆ ಜನರನ್ನು ಗೇಲಿ ಮಾಡಿದೆಯೇ? ಮುಗಿದ ಮೇಲೆ ಮಗು ಮಾತಾಡುತ್ತದೆಯೋ, ಇನ್ನೊಂದು ಬೇಕೆಂದು ಅಳುತ್ತದೆಯೋ? ಒಂದರ ಬೆನ್ನಿಗೆ ಇನ್ನೊಂದು ತಾನಾಗಿ ಓಡದಂತೆ ಆಟೊಪ್ಲೇ ಆಫ್ ಮಾಡಿಡಿ. ನೋಡಿದ ಕಥೆಯನ್ನೇ ಆ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಸತ್ಯವೇದದಿಂದ ಓದಿ. ‘ವಿಡಿಯೊದಲ್ಲಿ ಇದು ಇರಲಿಲ್ಲ ಅಮ್ಮ’ ಎಂದು ಮಗು ತಾನೇ ಹಿಡಿದುಕೊಟ್ಟರೆ ಆ ಸಂಜೆ ಸಾರ್ಥಕ. ಮನೆಯಲ್ಲಿ ಕೂತಾಗ, ದಾರಿ ನಡೆವಾಗ, ಮಲಗುವಾಗ, ಏಳುವಾಗ ಮಕ್ಕಳೊಡನೆ ಮಾತಾಡಬೇಕೆಂದು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ಹೇಳುವುದು ತಂದೆತಾಯಿಗೆ. ಆ ಕೆಲಸವನ್ನು ಯಂತ್ರಕ್ಕೆ ವಹಿಸಿಕೊಡಲಾಗದು.

ಕೊನೆಗೆ ಉಳಿಯುವುದು ‘ಬಗ್ಗೀತೇ’. ಗಾದೆ ‘ಬಗ್ಗದು’ ಎಂದು ತೀರ್ಪು ಕೊಟ್ಟು ಮುಗಿಸಿಲ್ಲ, ಕೇಳಿ ಬಿಟ್ಟಿದೆ. ಈ ಮನೆಯಲ್ಲಿ ಬಲಿತ ಮರಗಳೆಂದರೆ ನಾವೇ ಅಲ್ಲವೇ? ದಿನದ ಕೆಲಸ ಮುಗಿಸಿ ದಣಿದು ಬಂದವರು, ಕೈಯಲ್ಲಿರುವ ನಮ್ಮದೇ ಮೊಬೈಲನ್ನು ಕೆಳಗಿಟ್ಟು, ಚಾಪೆಯ ಮೇಲೆ ಮಗುವಿನ ಪಕ್ಕ ಅರ್ಧ ಗಂಟೆ ಕೂರಬೇಕು. ಕರ್ತನು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ್ದೂ ಅವರ ಎತ್ತರಕ್ಕೆ ಬಗ್ಗಿಯೇ ಇರಬೇಕು. ಗಿಡ ಬಗ್ಗುತ್ತದೆ, ಅದರ ಬಗ್ಗೆ ನನಗೆ ಸಂಶಯವಿಲ್ಲ. ಗಾದೆಯ ಪ್ರಶ್ನೆ ನಿಂತಿರುವುದು ನಮ್ಮ ಮುಂದೆ: ಮರ ಬಗ್ಗೀತೇ?